ಮಂಗಳದ ಕಾಲುವೆ, ಮರಳಿಯ ನೀರಗಂಟಿ

ಹೊಸದಾಗಿ ಕೆಲಸಕ್ಕೆ ಸೇರುವ ಮಾಸ್ತರರಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದು ನಮ್ಮ ತಾಲೂಕಿನ ಶಿಕ್ಷಕರು ಕೇಳಿ ಒಂದು ವರ್ಷವಾಯಿತು. ಆಗ ನನ್ನ ಹೆಂಡತಿ ನೀಲವ್ವ ಇದ್ದಳು. ಏನು ಬರೆಯಲಿ ಎಂದು ಅವಳನ್ನೇ ಕೇಳಿದ್ದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ, "ದುರಗಪ್ಪಜ್ಜಂದು ಬರೀರಿ. ಉಳಿದದ್ದೆಲ್ಲಾ ಸರಕಾರದ ಕಾಗದದಾಗ ಐತಿ" ಎಂದಳು. ನಾನು ನಕ್ಕುಬಿಟ್ಟೆ. ಆ ಮೇಲೆಯೂ ಎರಡು ಮೂರು ಸಲ ನೆನಪಿಸಿದಳು. ಬರೆದರಾಯಿತು ಎಂದುಕೊಂಡೆ. ಈಗ ಅವಳು ಹೋಗಿ ನಾಲ್ಕು ತಿಂಗಳು. ಬೆಳಗಿನ ಹೊತ್ತು ಬಹಳ ಉದ್ದವಾಗಿದೆ. ಸೊಸೆ ಚಹಾ ಇಟ್ಟು ಹೋಗುತ್ತಾಳೆ, ಅದು ಆರಿಹೋಗುತ್ತದೆ. ಹಾಗಾಗಿ ಕುಳಿತು ಬರೆಯುತ್ತಿದ್ದೇನೆ.

ನಾನು ಹೆಚ್ಚು ಓದಿದವನಲ್ಲ. ಕುಷ್ಟಗಿಯಲ್ಲಿ ಉರ್ದು ಮಿಡಲ್ ಪಾಸಾದೆ, ಅಷ್ಟೇ. ನಿಜಾಮರ ರಾಜ್ಯದಲ್ಲಿ ಆಗ ಕಚೇರಿ ಉರ್ದು, ಪುಸ್ತಕ ಉರ್ದು, ಮಕ್ಕಳ ಬಾಯಿ ಮಾತ್ರ ಕನ್ನಡ. ಪುಸ್ತಕದಲ್ಲಿದ್ದದ್ದನ್ನು ರಾತ್ರಿ ಉರ್ದುವಿನಲ್ಲಿ ಓದಿಕೊಂಡು ಬೆಳಗ್ಗೆ ಕನ್ನಡದಲ್ಲಿ ಹೇಳುವುದು ನಮ್ಮ ಕೆಲಸವಾಗಿತ್ತು. ಅರ್ಥವಾಗದ್ದನ್ನು ಗಟ್ಟಿ ಧ್ವನಿಯಲ್ಲಿ ಹೇಳುವ ಅಭ್ಯಾಸ ಎಲ್ಲ ಮಾಸ್ತರರಿಗೂ ಇತ್ತು, ನನಗೂ ಇತ್ತು. ನಾನು ಎಲ್ಲೆಲ್ಲಿ ಇದ್ದೆ, ಯಾವಾಗ ಹೆಡ್ ಮಾಸ್ತರನಾದೆ ಎಂಬುದನ್ನು ಬಿಟ್ಟುಬಿಡುತ್ತೇನೆ. ಅವುಗಳಿಂದ ಯಾರಿಗೂ ಉಪಯೋಗವಿಲ್ಲ.

ನನ್ನ ಮೊದಲ ಶಾಲೆ ಗಂಗಾವತಿಯ ಹತ್ತಿರ ಮರಳಿಯಲ್ಲಿ. ಮೂವತ್ತರ ದಶಕದ ಕೊನೆಯ ವರ್ಷಗಳು. ನಾನು ಕುಷ್ಟಗಿಯ ಒಣ ಭೂಮಿಯವನು, ನೀಲವ್ವ ಯಲಬುರ್ಗಾ ಕಡೆಯ ಎರೆಹೊಲದವಳು. ಇಬ್ಬರೂ ಅಷ್ಟು ಹಸಿರು ಗದ್ದೆಯನ್ನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಚಕ್ಕಡಿಯಿಂದ ಇಳಿದವಳೇ ಅವಳು ಗದ್ದೆಯ ಬದುವಿನಲ್ಲಿ ನಿಂತು, "ಇಷ್ಟು ನೀರು ನೆಲದ ಮ್ಯಾಲ ಸುಮ್ಮ ನಿಂತೈತಲ್ರಿ, ಯಾರೂ ತುಂಬಿಕೊಳ್ಳೂದಿಲ್ಲೇನು?" ಎಂದಿದ್ದಳು.

ಶಾಲೆ ಎಂದರೆ ಒಂದು ಮಣ್ಣಿನ ಗೋಡೆಯ ಉದ್ದನೆಯ ಪಡಸಾಲೆ. ಅದರ ಹಿಂದಿನ ಗೋಡೆಗೆ ಅಂಟಿಕೊಂಡೇ ನಮ್ಮ ಎರಡು ಅಂಕಣದ ಮನೆ. ನಾನು ಇಲ್ಲಿ ಹೇಳಿದ ಪಾಠ ಅವಳಿಗೆ ಅಲ್ಲಿ ಒಲೆಯ ಮುಂದೆ ಕೇಳುತ್ತಿತ್ತು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಊಟಕ್ಕೆ ಕೂತಾಗ, "ಇವತ್ತು ಗಂಗಾ ನದಿ ಹಿಮಾಲಯದಾಗ ಹುಟ್ಟತೈತಿ ಅಂತ ಎರಡು ಸರ್ತಿ ಹೇಳಿದ್ರಿ. ಮರ್ತಿದ್ರೇನು?" ಎಂದು ಕೇಳುತ್ತಿದ್ದಳು. ನನ್ನ ವೃತ್ತಿಯಲ್ಲಿ ನನ್ನನ್ನು ದಿನವೂ ತನಿಖೆ ಮಾಡಿದವಳು ಅವಳೊಬ್ಬಳೇ.

ಭೂಗೋಳದ ಪುಸ್ತಕದ ಕೊನೆಯ ಪಾಠ ಮಿರ್ರೀಖ್. ನಮ್ಮ ಮಂಗಳಕ್ಕೆ ಉರ್ದುವಿನಲ್ಲಿ ಆ ಹೆಸರು. ಎರಡೇ ಪುಟದ ಪಾಠ. ಮಂಗಳ ಭೂಮಿಗಿಂತ ಚಿಕ್ಕದು, ಸೂರ್ಯನಿಂದ ದೂರ, ಆದ್ದರಿಂದ ಬಹಳ ಚಳಿ. ಗಾಳಿ ಇದೆ, ಬಹಳ ತೆಳು. ನೆಲ ಕೆಂಪು, ಕಲ್ಲು, ಧೂಳು. ಎರಡೂ ತುದಿಗಳಲ್ಲಿ ಬಿಳಿಯ ಹಿಮ, ಅದು ಚಳಿಗಾಲಕ್ಕೆ ಬೆಳೆದು ಬೇಸಿಗೆಗೆ ಕರಗುತ್ತದೆ. ಕೊನೆಯಲ್ಲಿ, ಆ ಹಿಮದ ನೀರನ್ನು ಒಣ ಸೀಮೆಗೆ ಒಯ್ಯಲು ಅಲ್ಲಿನ ಬುದ್ಧಿವಂತ ಜನ ಕಾಲುವೆಗಳನ್ನು ತೋಡಿದ್ದಾರೆ ಎಂದಿತ್ತು. ಪಕ್ಕದಲ್ಲಿ ಒಂದು ಚಿತ್ರ. ದುಂಡನೆಯ ಗ್ರಹ, ಅದರ ಮೇಲೆ ಪಟ್ಟಿ ಇಟ್ಟು ಎಳೆದಂತೆ ಅಡ್ಡ ಉದ್ದ ಗೆರೆಗಳು.

ಧೂಳು ಕಲಿಸುವುದು ಕಷ್ಟವಾಗಲಿಲ್ಲ. ಕುಷ್ಟಗಿಯ ಬಯಲಿನಲ್ಲಿ ಬೇಸಿಗೆಯ ಮಧ್ಯಾಹ್ನ ಏಳುವ ಸುಂಟರಗಾಳಿಯ ಬಗ್ಗೆ ಹೇಳಿದೆ. ಕಲ್ಲಿಗೆ ಕೈ ಎತ್ತಿ ತೋರಿಸಿದರೆ ಸಾಕು, ಗಂಗಾವತಿಯ ಸುತ್ತ ಬಂಡೆಯ ಮೇಲೆ ಬಂಡೆ ಕೂತ ಗುಡ್ಡಗಳೇ. ಕಷ್ಟವಾದದ್ದು ಹಿಮ. ಮರಳಿಯ ಒಂದು ಮಗುವೂ ಹಿಮ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಕೊಪ್ಪಳದ ಸ್ಟೇಷನ್ ಹತ್ತಿರ ಸೋಡಾ ಅಂಗಡಿಯವನೊಬ್ಬ ರೈಲಿನಲ್ಲಿ ಬರ್ಫ, ಎಂದರೆ ಮಂಜುಗಡ್ಡೆ, ತರಿಸುತ್ತಾನೆಂದು ಕೇಳಿ, ಒಂದು ರವಿವಾರ ಹೋಗಿ ಮೊಣಕೈ ಉದ್ದದ ತುಂಡು ಕೊಂಡು, ಹೊಟ್ಟಿನಲ್ಲಿ ಹುದುಗಿಸಿ, ಗೋಣಿಚೀಲ ಸುತ್ತಿ ಚಕ್ಕಡಿಯಲ್ಲಿ ತಂದೆ. ಸೋಮವಾರ ಬೆಳಗ್ಗೆ ಮಕ್ಕಳ ಮುಂದೆ ಚೀಲ ಬಿಚ್ಚಿದರೆ ಒದ್ದೆ ಹೊಟ್ಟು.

ಒಬ್ಬ ಹುಡುಗಿ ಕೈ ಹಾಕಿ, "ತಣ್ಣಗೈತ್ರಿ ಮಾಸ್ತರ್ರ" ಎಂದಳು. ಸಮಾಧಾನ ಮಾಡಲೆಂದೇ ಹೇಳಿದಳೆಂದು ಕಾಣುತ್ತದೆ. ಉಳಿದವರೂ ಸಾಲಾಗಿ ಬಂದು ಒದ್ದೆ ಹೊಟ್ಟು ಮುಟ್ಟಿ ಹೋದರು.

ಅಂದು ಊಟದ ಹೊತ್ತಿಗೆ ನೀಲವ್ವ ಬಹಳ ಹೊತ್ತು ನಕ್ಕಳು. ಆಮೇಲೆ, "ಬರ್ಫಿನ ಹಿಂದ ಯಾಕ ಓಡ್ತೀರಿ? ನಮ್ಮ ಎರಿಹೊಲದಾಗ ಹತ್ತಿ ಒಡದಾಗ ಹೆಂಗ ಇರ್ತೈತಿ? ಕಣ್ಣು ಮುಟ್ಟೂತನಾ ಬೆಳ್ಳಗ. ಬಿಡಿಸಿದ ಮ್ಯಾಲ ಮತ್ತ ಕರ್ರಗ. ಮರುವರ್ಷ ಮತ್ತ ಬೆಳ್ಳಗ. ಆ ತುದ್ಯಾಗ ಇರೂದು ಹಂಗ ಅನ್ರಿ, ಹುಡುಗ್ರಿಗೆ ತಿಳೀತೈತಿ" ಎಂದಳು. ಮರುದಿನ ಹಾಗೆಯೇ ಹೇಳಿದೆ. ತಿಳಿಯಿತು. ಅಂದಿನಿಂದ ಮೂವತ್ತು ವರ್ಷ, ಯಾವ ಊರಿನಲ್ಲಿದ್ದರೂ ಮಂಗಳದ ಹಿಮವನ್ನು ಹತ್ತಿಯ ಹೊಲದಿಂದಲೇ ಕಲಿಸಿದೆ. ಉಪಾಯ ಯಾರದೆಂದು ಎಲ್ಲಿಯೂ ಹೇಳಲಿಲ್ಲ.

ತೆಳು ಗಾಳಿಯ ಪಾಠ ಇನ್ನೊಂದು ಪೇಚು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ ಎಂದು ಪುಸ್ತಕ ಹೇಳುತ್ತಿತ್ತು. ಮಕ್ಕಳನ್ನು ಕರೆದುಕೊಂಡು ಹೇಮಗುಡ್ಡ ಹತ್ತಿದೆ. ಹತ್ತಿ ನಿಂತು, "ಈಗ ಉಸುರು ಹೆಂಗ ಐತಿ?" ಎಂದು ಕೇಳಿದೆ. ಮಕ್ಕಳು ಕುಣಿಯುತ್ತ ಹತ್ತಿದ್ದರು. ಏದುಸಿರು ಬಿಡುತ್ತಿದ್ದವನು ನಾನೊಬ್ಬನೇ. "ಗಾಳಿ ನಿಮಗಷ್ಟಽ ಕಡಿಮಿ ಆಗೈತ್ರಿ ಮಾಸ್ತರ್ರ" ಎಂದರು. ಅಲ್ಲಿನ ದುರ್ಗಮ್ಮನ ಗುಡಿಯ ಪೂಜಾರಿಯೂ ನಕ್ಕರು.

ಹೊಸಬರಿಗೆ ಒಂದು ಮಾತು. ಇಂಥ ಪೇಚಿನಿಂದ ಮಾಸ್ತರನ ಮಾನ ಹೋಗುವುದಿಲ್ಲ. ಅದು ಹೋಗುವುದು ಬೇರೆ ದಾರಿಯಿಂದ.

ದುರಗಪ್ಪ ಮರಳಿಯ ನೀರಗಂಟಿ. ಹಿಂದಿನ ಅರಸರ ಕಾಲದ ಕಾಲುವೆಯಿಂದ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಎಲ್ಲಿ ಒಡ್ಡು ಕುಸಿದಿದೆ, ಎಲ್ಲಿ ಹೂಳು ತುಂಬಿದೆ ಎಂದು ನೋಡುವುದು ಅವನ ಮನೆತನದ ಕೆಲಸ. ಆಗಲೇ ಅರವತ್ತು ದಾಟಿತ್ತು. ಹೆಗಲ ಮೇಲೆ ಸಲಿಕೆ, ಮೊಣಕಾಲಿನವರೆಗೆ ಕೆಸರು. ಅಷ್ಟು ಕೆಸರಿನಲ್ಲಿ ಒಳಗೆ ಬರುವುದು ಬೇಡವೆಂದು ಶಾಲೆಯ ಕಟ್ಟೆಯ ಮೇಲೆಯೇ ಕೂತು ಬೀಡಿ ಸೇದುತ್ತ ಪಾಠ ಕೇಳುತ್ತಿದ್ದ.

ನಾನು ಮಂಗಳದ ಕಾಲುವೆಯ ಪಾಠ ಹೇಳಿದ ದಿನ ಅವನ ನಗು ಒಳಗೆ ಕೇಳಿಸಿತು. ಮಕ್ಕಳೂ ತಿರುಗಿ ನೋಡಿದರು. ನನಗೆ ಸಿಟ್ಟು ಬಂತು.

"ಯಾಕ ನಗ್ತಿ ದುರಗಪ್ಪ?"

"ಸಿಟ್ಟಾಗಬ್ಯಾಡ್ರಿ ಮಾಸ್ತರ್ರ. ಆ ಚಿತ್ರ ಒಂದೀಟು ತೋರಸ್ರಿ."

ಪುಸ್ತಕ ಹೊರಗೆ ಒಯ್ದು ಹಿಡಿದೆ. ಕೆಸರು ಹತ್ತೀತೆಂದು ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ, ಕಣ್ಣು ಸಣ್ಣ ಮಾಡಿ ಬಹಳ ಹೊತ್ತು ನೋಡಿದ.

"ಇದನ್ನ ಯಾರು ತಗದ್ರು?"

"ದೊಡ್ಡ ದುರ್ಬೀನಿನೊಳಗ ನೋಡಿ, ಭಾಳ ಓದಿದವರು ತಗದಾರ."

"ಓದ್ಯಾರ, ಖರೆ. ಎಂದರ ಗದ್ದಿಗೆ ನೀರು ಬಿಟ್ಟಾರೇನು?"

ಮಕ್ಕಳು ನಕ್ಕರು. ಅವನು ನಗಲಿಲ್ಲ. "ಅಲ್ಲಿ ಗುಡ್ಡ ಐತಿ, ಬಂಡಿ ಐತಿ ಅಂತ ನೀವ ಹೇಳಿದ್ರಿ. ಮತ್ತ ಈ ಕಾಲುವಿ ಹಿಂಗ ನೆಟ್ಟಗ ಹೋಗ್ಯಾವಲ್ರಿ, ಗುಡ್ಡ ಹತ್ತಿ ಇಳದಾವೇನು? ಇಲ್ಲಿ ನೋಡ್ರಿ, ಒಂದು ಇನ್ನೊಂದನ್ನ ಅಡ್ಡ ಹಾದೈತಿ. ಹಾಯೋ ಕಡೆ ನೀರು ಯಾವ ದಿಕ್ಕಿಗೆ ಹೋಗಬೇಕು? ನೆಟ್ಟಗ ಹೋಗೂದು ರೈಲು, ಇಲ್ಲಾಂದ್ರ ಸರಕಾರದ ಹುಕುಂ. ನೀರು ಹೋಗೂದಿಲ್ಲ. ಇವು ಏನರ ಇರಲಿ, ನೀರಿನ ದಾರಿ ಅಲ್ಲ."

ಮುಂದಿನ ರವಿವಾರ ಅವನು ನನ್ನನ್ನು ಕಾಲುವೆಯ ಗುಂಟ ಕರೆದೊಯ್ದ. ನೀಲವ್ವ ಬುತ್ತಿ ಕಟ್ಟಿಕೊಂಡು ತಾನೂ ಬಂದಳು. ನೆಟ್ಟಗೆ ನಡೆದರೆ ಎರಡು ಹರದಾರಿಯ ದಾರಿ. ಕಾಲುವೆಯ ಗುಂಟ ನಡೆದರೆ ಮುಗಿಯುತ್ತಲೇ ಇರಲಿಲ್ಲ. ಒಂದೊಂದು ಬಂಡೆಗೂ ಬಳಸಿ, ಗುಡ್ಡದ ಸೆರಗು ಹಿಡಿದು, ಒಮ್ಮೆ ಊರಿಗೆ ಬೆನ್ನು ಮಾಡಿ, ಒಮ್ಮೆ ಮುಖ ಮಾಡಿ ಅದು ಹರಿಯುತ್ತಿತ್ತು. ಒಂದು ಕಡೆ ದುರಗಪ್ಪ ನಿಂತು, ತಂಬಿಗೆಯ ನೀರನ್ನು ಒಣ ನೆಲದ ಮೇಲೆ ಮೆಲ್ಲಗೆ ಸುರಿದ. ನೀರು ಸ್ವಲ್ಪ ಹೊತ್ತು ಯೋಚಿಸಿದಂತೆ ನಿಂತು, ನಾವು ಯಾರೂ ಎಣಿಸದ ಕಡೆ ಹೊರಳಿ ಹೋಯಿತು.

"ನೋಡ್ರಿ. ಈ ನೆಲ ನಮ್ಮ ಕಣ್ಣಿಗೆ ಸಪಾಟ ಐತಿ. ನೀರಿಗೆ ಅಲ್ಲ. ನಮ್ಮಪ್ಪ ಹೇಳತಿದ್ದ, ಕಾಲುವಿ ನಾವು ತೋಡೂದಲ್ಲ, ನೀರನ್ನ ಕೇಳಿ ತೋಡೂದು ಅಂತ."

ನೀಲವ್ವ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಪುಂಡಿಪಲ್ಲೆ ಹಾಕಿ ಮೊದಲು ಅವನಿಗೆ ಕೊಟ್ಟಳು. "ಯಜ್ಜಾ, ನಮ್ಮ ಮಾಸ್ತರ್ರನ್ನ ಒಂದು ವರ್ಷ ನಿನ್ನ ಸಾಲಿಗೆ ಹಾಕ್ಕೊ" ಎಂದಳು.

"ಬ್ಯಾಡವ್ವಾ, ಅವರು ಉರ್ದುದಾಗ ಕೇಳ್ತಾರ, ನೀರಿಗೆ ಉರ್ದು ಬರೂದಿಲ್ಲ" ಎಂದ ದುರಗಪ್ಪ.

ಮರುದಿನ ತರಗತಿಯಲ್ಲಿ ನಡೆದದ್ದನ್ನು ಹೇಳಿದೆ. ಪುಸ್ತಕ ಹೀಗನ್ನುತ್ತದೆ, ದುರಗಪ್ಪ ಹೀಗನ್ನುತ್ತಾನೆ, ಯಾವುದು ಸರಿ ಎಂದು ನೀವೇ ಯೋಚಿಸಿ ಎಂದೆ. ಮಕ್ಕಳು ಯೋಚಿಸಲಿಕ್ಕೇ ಹೋಗಲಿಲ್ಲ. ಅವರೆಲ್ಲ ಗದ್ದೆಯ ಮಕ್ಕಳು, ಒಬ್ಬರು ಬಿಡದೆ ದುರಗಪ್ಪನ ಕಡೆಯಾದರು. ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಆ ಕೆಲವು ತಿಂಗಳು ನಾನು ನಿಜವಾದ ಮಾಸ್ತರನಾಗಿದ್ದೆ.

ಆಮೇಲೆ ತನಿಖೆ ಬಂತು.

ನನ್ನ ನೌಕರಿ ಆಗ ಕಾಯಂ ಆಗಿರಲಿಲ್ಲ. ಅಪ್ಪ ತೀರಿಕೊಂಡಿದ್ದರು. ಕುಷ್ಟಗಿಯಲ್ಲಿ ತಾಯಿ, ಮದುವೆಗೆ ಬಂದ ತಂಗಿ. ಮೊಹತಮಿಮ್ ಸಾಹೇಬರು, ಎಂದರೆ ಶಾಲೆಗಳನ್ನು ತನಿಖೆ ಮಾಡುವ ಅಧಿಕಾರಿ, ಬಂದು ನೋಡಿ ಒಳ್ಳೆಯ ಮಾತು ಬರೆದರೆ ಕಾಯಂ. ಇಲ್ಲದಿದ್ದರೆ ಚೀಲ ಹೊತ್ತು ಊರಿಗೆ. ಇದು ಮರಳಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಊರವರು ಶಾಲೆಗೆ ಸುಣ್ಣ ಬಳಿದು, ಮಾವಿನ ತೋರಣ ಕಟ್ಟಿದರು. ದುರಗಪ್ಪ ಅಂಗಳಕ್ಕೆಲ್ಲ ನೀರು ಹೊಡೆದು ಧೂಳು ಕೂರಿಸಿದ. ಅಂದು ಕೈಕಾಲು ತೊಳೆದು, ಮಡಿ ಧೋತರ ಉಟ್ಟು, ಊರ ಹಿರಿಯರ ಹಿಂದೆ ಬಾಗಿಲ ಬಳಿ ಒಳಗೇ ನಿಂತಿದ್ದ.

ಸಾಹೇಬರು ಕೆಟ್ಟವರಲ್ಲ. ತೆಳ್ಳಗೆ, ಬಿಳಿ ಗಡ್ಡ, ಮಕ್ಕಳ ತಲೆ ಸವರಿ ಮಾತಾಡಿಸುವವರು. ಲೆಕ್ಕ ಕೇಳಿದರು, ಪದ್ಯ ಹೇಳಿಸಿದರು, ಎಲ್ಲ ಚೆನ್ನಾಗಿಯೇ ನಡೆಯಿತು. ಕೊನೆಗೆ ಭೂಗೋಳದ ಪುಸ್ತಕ ತೆಗೆದು ಮುರಿದ ಕನ್ನಡದಲ್ಲಿ, "ಮಿರ್ರೀಖ್ ಮ್ಯಾಲ ಏನೇನು ಅದ?" ಎಂದು ಕೇಳಿದರು.

"ಚಳಿ ಐತ್ರಿ!" ಇಡೀ ತರಗತಿ ಕೂಗಿತು.

"ಔರ್?"

"ಗಾಳಿ ಐತ್ರಿ, ತೆಳ್ಳಗೈತ್ರಿ! ಕೆಂಪು ಧೂಳ ಐತ್ರಿ! ತುದ್ಯಾಗ ಹತ್ತಿ ಹೊಲದಂಗ ಬೆಳ್ಳಗೈತ್ರಿ!"

ಸಾಹೇಬರು ಹುಬ್ಬೇರಿಸಿ ನಕ್ಕರು. "ಬಹುತ್ ಖೂಬ್. ಕಾಲುವೆ?"

"ಇಲ್ಲರೀ!"

ಸಾಹೇಬರು ಪುಸ್ತಕ ನೋಡಿದರು, ಮಕ್ಕಳನ್ನು ನೋಡಿದರು. "ಇಲ್ಲ? ಯಾರು ಹೇಳಿದರು ಇಲ್ಲ ಅಂತ?"

"ದುರಗಪ್ಪಜ್ಜ ಹೇಳ್ಯಾನ್ರೀ!"

"ಯೇ ದುರಗಪ್ಪ ಕೌನ್ ಹೈ, ಮಾಸ್ಟರ್? ಯಾವ ಕಾಲೇಜಿನವರು?"

ಹಿರಿಯರು ನಕ್ಕರು. ಬಾಗಿಲ ಬಳಿ ದುರಗಪ್ಪನೂ ಹಲ್ಲು ಕಾಣುವಂತೆ ನಕ್ಕ. ನಾನು ಈಗ ತನ್ನನ್ನು ಮುಂದೆ ಕರೆಯುತ್ತೇನೆ, ಕಾಲುವೆಯ ಮಾತನ್ನು ಸಾಹೇಬರಿಗೂ ಹೇಳಬಹುದು ಎಂದುಕೊಂಡು ಅವನು ಒಂದು ಹೆಜ್ಜೆ ಮುಂದೆ ಬಂದಿದ್ದ. ಅದನ್ನು ನಾನು ನೋಡಿದೆ.

ನೋಡಿಯೂ ನಾನು ಹೇಳಿದ್ದು ಇದು. "ಅಂವ ಊರ ನೀರಗಂಟಿ ಅದಾನ್ರಿ ಸಾಹೇಬ್ರ. ಓದು ಬರಹ ಇಲ್ಲ. ಕಟ್ಟಿ ಮ್ಯಾಲ ಕುಂತು ಹುಡುಗರ ಮುಂದ ಹುಚ್ಚು ಮಾತು ಆಡ್ತಾನ್ರಿ. ಪುಸ್ತಕದಾಗ ಇರೂದಽ ಖರೆ. ನಾನು ಪುಸ್ತಕದ ಪ್ರಕಾರನಽ ಕಲಿಸೀನ್ರಿ." ಆಮೇಲೆ ಮಕ್ಕಳ ಕಡೆ ತಿರುಗಿ, ಕೋಲು ಮೇಜಿಗೆ ಬಡಿದು, "ಹೇಳ್ರಿ, ಕಾಲುವೆ ಅದಾವೋ ಇಲ್ಲೋ?" ಎಂದೆ.

ಅವರು ಒಬ್ಬೊಬ್ಬರಾಗಿ, "ಅದಾವ್ರಿ" ಎಂದರು. ಅಂಥ ಸಣ್ಣ ಧ್ವನಿಯಲ್ಲಿ ಆ ಮಕ್ಕಳು ಅದಕ್ಕೆ ಮೊದಲು ಏನನ್ನೂ ಹೇಳಿರಲಿಲ್ಲ.

ದುರಗಪ್ಪ ಮುಂದಿಟ್ಟ ಹೆಜ್ಜೆ ಹಿಂದೆ ತೆಗೆದ. ಗೋಡೆಗೆ ಆನಿಸಿದ್ದ ಸಲಿಕೆ ಹೆಗಲಿಗೇರಿಸಿ ಹೊರಗೆ ಹೋದ. ಸಾಹೇಬರು ತನಿಖೆಯ ಪುಸ್ತಕದಲ್ಲಿ ಒಳ್ಳೆಯ ಮಾತು ಬರೆದರು. ನಿಜ ಹೇಳಿದ್ದರೆ ಅವರು ಏನು ಮಾಡುತ್ತಿದ್ದರು? ನಕ್ಕು ದುರಗಪ್ಪನನ್ನು ಮಾತಾಡಿಸುತ್ತಿದ್ದರೇನೋ. ನನಗೆ ಇಂದಿಗೂ ಗೊತ್ತಿಲ್ಲ. ಅದನ್ನು ತಿಳಿಯುವಷ್ಟು ಹೊತ್ತೂ ನಾನು ಕಾಯಲಿಲ್ಲ.

ಸಂಜೆ ಮನೆಗೆ ಬಂದರೆ ನೀಲವ್ವ ಊಟಕ್ಕೆ ಬಡಿಸಿ ಗೋಡೆ ಕಡೆ ಮುಖ ಮಾಡಿ ಕೂತಳು. ಗೋಡೆಯಾಚೆಯಿಂದ ಅವಳು ಎಲ್ಲವನ್ನೂ ಕೇಳಿದ್ದಳು.

"ಇನ್ನ ಕಾಯಂ ಆದಂಗ" ಎಂದೆ.

"ನಿಮಗ ಕಾಯಂ ಆತು. ಅವಂಗ ಏನಾತು?"

"ಏನಾತು? ಅವಂದು ನೌಕರಿ ಹೋತೇನು?"

"ಅವನ ನೌಕರಿ ಯಾರ ಕೈಯಾಗೂ ಇಲ್ಲ ಬಿಡ್ರಿ" ಎಂದಳು. "ಮಾತು ಹೋತು. ಹುಡುಗರು ನಾಳಿ ಅವನ ಮುಂದ ಹೆಂಗ ಹಾಯ್ತಾವು?"

ಹಾಯಲಿಲ್ಲ. ಮರುದಿನದಿಂದ ದುರಗಪ್ಪ ಶಾಲೆಯ ಕಟ್ಟೆಗೆ ಬರಲಿಲ್ಲ. ಮಕ್ಕಳು ಕಾಲುವೆಯ ದಾರಿ ಬಿಟ್ಟು ಓಣಿಯ ದಾರಿಯಿಂದ ಬರತೊಡಗಿದರು. ಎದುರು ಸಿಕ್ಕಾಗ ಅವನು, "ಶರಣ್ರಿ ಮಾಸ್ತರ್ರ" ಎಂದೇ ಅನ್ನುತ್ತಿದ್ದ. ಅಷ್ಟೇ ಅನ್ನುತ್ತಿದ್ದ. ಹೋಗಿ ತಪ್ಪಾಯಿತು ಎನ್ನಬೇಕು ಎಂದು ದಿನವೂ ಅಂದುಕೊಂಡೆ. ಒಂದು ದಿನ ತಡವಾದದ್ದಕ್ಕೆ ಎರಡನೆಯ ದಿನ ಹೋಗಲು ನಾಚಿಕೆ, ಎರಡು ದಿನವಾದದ್ದಕ್ಕೆ ಮೂರನೆಯ ದಿನ ಇನ್ನೂ ನಾಚಿಕೆ. ಹೀಗೇ ಕುಷ್ಟಗಿಗೆ ವರ್ಗವಾಯಿತು. ಚಕ್ಕಡಿ ಕಾಲುವೆ ದಾಟುವಾಗ ನೀಲವ್ವ ಮಾತ್ರ ಇಳಿದು, ತೂಬಿನ ಹತ್ತಿರ ನಿಂತಿದ್ದ ಮುದುಕನ ಕಾಲು ಮುಟ್ಟಿ ಬಂದಳು. ನಾನು ಗಾಡಿಯ ಮೇಲೆಯೇ ಕೂತಿದ್ದೆ.

ಎರಡು ಮೂರು ವರ್ಷ ಕಳೆದವು. ನಲವತ್ತರ ದಶಕ ಶುರುವಾಗಿತ್ತು. ಮಹಾನವಮಿಯ ಹೊತ್ತಿಗೆ ಮಂಗಳ ಭೂಮಿಗೆ ಹತ್ತಿರ ಬಂದು, ದೀಪ ಹಚ್ಚುವ ಹೊತ್ತಿಗೆ ಮೂಡಲಲ್ಲಿ ಕೆಂಡದಂತೆ ಹೊಳೆಯುತ್ತಿತ್ತು. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಖಾಸಿಂಸಾಬ ಎಂಬ ಗಡಿಯಾರ ರಿಪೇರಿಯವನು ಗಾಜುಗಳನ್ನು ಕೂಡಿಸಿ ದುರ್ಬೀನು ಮಾಡಿದ್ದಾನೆಂದು ಸುದ್ದಿ ಬಂತು. ಇಬ್ಬರೂ ಹೋದೆವು. ಖಾಸಿಂಸಾಬ ತಗಡಿನ ಕೊಳವೆಯನ್ನು ಮಾಳಿಗೆಯ ಮೇಲೆ ಕಲ್ಲುಗಳ ನಡುವೆ ಆನಿಸಿ, ಬಹಳ ಹೊತ್ತು ಹೊಂದಿಸಿ, "ನೋಡ್ರಿ ಮಾಸ್ತರ್, ಕೊಳವಿ ಮುಟ್ಟಬ್ಯಾಡ್ರಿ" ಎಂದ.

ಪುಟಾಣಿ ಕಾಳಿನಷ್ಟು ದುಂಡನೆಯ ಕಿತ್ತಳೆ ಬಣ್ಣದ ಚುಕ್ಕೆ. ನೀರಿನ ತಳದ ಹರಳಿನಂತೆ ನಡುಗುತ್ತಿತ್ತು. ಒಂದಿಷ್ಟು ಮಸುಕು ಕಂಡಂತಾಯಿತು, ಕಾಣದಂತಾಯಿತು. ಒಂದು ಗೆರೆಯೂ ಇರಲಿಲ್ಲ.

"ಕಾಲುವಿ ಕಾಣವಲ್ವು" ಎಂದೆ.

"ಕಾಣವಲ್ದು ಅಂದ್ರ ಇಲ್ಲ ಅಂತಲ್ಲ ಮಾಸ್ತರ್" ಎಂದ ಖಾಸಿಂಸಾಬ. "ನನ್ನ ಕಾಜು ಸಣ್ಣದು. ಕಂಡಷ್ಟು ಹೇಳ್ರಿ, ಸಾಕು."

ಅದೇ ನನಗೆ ನಾಟಿತು. ಗಡಿಯಾರ ರಿಪೇರಿಯವನು ತಾನು ಕಂಡದ್ದಷ್ಟನ್ನೇ ಹೇಳುತ್ತಿದ್ದ, ನೀರಗಂಟಿ ತಾನು ಬಲ್ಲದ್ದಷ್ಟನ್ನೇ ಹೇಳಿದ್ದ. ಕಾಣದ್ದನ್ನೂ ತಿಳಿಯದ್ದನ್ನೂ ಖರೆ ಎಂದು ಕೋಲು ಬಡಿದು ಹೇಳಿದವನು ನಾನೊಬ್ಬ. ನೀಲವ್ವ ಕೊಳವೆಗೆ ಕಣ್ಣಿಟ್ಟು ನೋಡಿ, ಇಳಿಯುವಾಗ, "ನಾಳಿ ಮರಳಿಗೆ ಹೋಗೂಣು" ಎಂದಳು.

ಹೋದೆವು. ದುರಗಪ್ಪನ ಕಣ್ಣು ಮಂಜಾಗಿತ್ತು, ಕೆಲಸ ಮಗನಿಗೆ ಬಂದಿತ್ತು. ಮನೆಯ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ. ನಾನು ಎದುರು ಕೂತು ಎಲ್ಲವನ್ನೂ ಹೇಳಿದೆ. ನೀನು ಹೇಳಿದ್ದೇ ನನ್ನ ಮನಸ್ಸಿನಲ್ಲಿಯೂ ಇತ್ತು, ನೌಕರಿಗೆ ಹೆದರಿ ಹಾಗಂದೆ, ತಪ್ಪಾಯಿತು ಎಂದೆ. ಅವನು ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ನನಗ ಆವತ್ತಽ ಗೊತ್ತಿತ್ರಿ, ಹೆದರ್ಯಾರ ಅಂತ. ನನಗ ನಿಮ್ಮ ಮ್ಯಾಲ ಏನೂ ಇಲ್ಲ" ಎಂದ. ಹಗ್ಗಕ್ಕೆ ಇನ್ನೊಂದು ಎಳೆ ಕೂಡಿಸಿ, "ಆದ್ರ ಮಾಸ್ತರ್ರ, ಆವತ್ತು ಅಂದದ್ದು ಸಾಲ್ಯಾಗ, ಎಲ್ಲಾರ ಮುಂದ. ಇವತ್ತು ಅನ್ನೂದು ನನ್ನೊಬ್ಬನ ಮುಂದ. ತೂಬು ಒಡದದ್ದು ಒಂದು ಕಡೆ, ಮಣ್ಣು ಹಾಕೂದು ಇನ್ನೊಂದು ಕಡೆ ಆದ್ರ ನೀರು ನಿಲ್ತೈತೇನ್ರಿ?" ಎಂದ.

ನೀಲವ್ವನೇ, "ಸಾಲಿ ಮಂದಿ ಮುಂದನಽ ಹೇಳ್ತಾರ ಯಜ್ಜಾ. ನಾ ಹೇಳಸ್ತೀನಿ" ಎಂದಳು.

ಹೇಳಲಿಲ್ಲ. ಆ ಮಕ್ಕಳು ಶಾಲೆ ಬಿಟ್ಟು ಗದ್ದೆಗೆ ಹೋಗಿದ್ದರು. ಸಾಹೇಬರು ನಿವೃತ್ತರಾಗಿದ್ದರು. ಆಮೇಲೆ ಗಲಾಟೆಯ ವರ್ಷಗಳು ಬಂದವು, ನಿಜಾಮರ ರಾಜ್ಯ ಹೋಯಿತು, ಉರ್ದು ಪುಸ್ತಕ ಹೋಗಿ ಕನ್ನಡ ಪುಸ್ತಕ ಬಂತು. ಅದರಲ್ಲಿಯೂ ಮಂಗಳದ ಪಾಠವಿತ್ತು, ಕಾಲುವೆ ಇರಬಹುದು ಎಂದಿತ್ತು. ಅಷ್ಟರೊಳಗೆ ತುಂಗಭದ್ರೆಯ ದೊಡ್ಡ ಕಾಲುವೆಗೆ ಅಳತೆಯವರು ಬಂದು ಗೂಟ ನೆಡುತ್ತ ಹೋದರು. ಮೂರು ಕಾಲಿನ ಯಂತ್ರ, ಬಣ್ಣದ ಕೋಲು, ಬಹಳ ಓದಿದ ಜನ. ಅವರ ಗೂಟಗಳೂ ಗುಡ್ಡದ ಸೆರಗು ಹಿಡಿದು ಡೊಂಕಾಗಿಯೇ ಹೋದವು. ಅದನ್ನು ನೋಡಲು ದುರಗಪ್ಪ ಇರಲಿಲ್ಲ. ನಾನು ತರಗತಿಯಲ್ಲಿ ಕಾಲುವೆಯ ಸಾಲನ್ನು ಬಿಟ್ಟು ಉಳಿದ ಪಾಠ ಹೇಳಿ ಮುಗಿಸುತ್ತಿದ್ದೆ. ಅದನ್ನೇ ದೊಡ್ಡ ಧೈರ್ಯವೆಂದು ತಿಳಿದಿದ್ದೆ.

ನಾನು ನಿವೃತ್ತನಾದ ಮೇಲೆ ಒಂದು ದಿನ ಪತ್ರಿಕೆಯಲ್ಲಿ ಮಂಗಳದ ಚಿತ್ರ ಬಂತು. ಮನುಷ್ಯರು ಕಳಿಸಿದ ಯಂತ್ರ ಹತ್ತಿರದಿಂದ ತೆಗೆದದ್ದು. ಕೆಳಗೆ ಬರೆದಿದ್ದನ್ನು ನೀಲವ್ವನಿಗೆ ಓದಿ ಹೇಳಿದೆ. ಗಾಳಿ ನಾವು ತಿಳಿದದ್ದಕ್ಕಿಂತಲೂ ತೆಳು. ಚಳಿ ನಾವು ತಿಳಿದದ್ದಕ್ಕಿಂತಲೂ ಹೆಚ್ಚು. ಇಡೀ ಗ್ರಹವನ್ನೇ ಮುಚ್ಚುವ ಧೂಳಿನ ಬಿರುಗಾಳಿ. ನೆಲದ ತುಂಬ ಕಲ್ಲು, ಕುಳಿ. ಜನ ತೋಡಿದ ಕಾಲುವೆ ಒಂದೂ ಇಲ್ಲ, ಆ ಗೆರೆಗಳು ನೋಡಿದವರ ಕಣ್ಣಿನ ಭ್ರಮೆ. ಆದರೆ ಬಹಳ ಹಿಂದೆ ಯಾವಾಗಲೋ ನೀರು ಹರಿದಂಥ ಒಣ ಹಳ್ಳಗಳಿವೆ.

ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ಬಗ್ಗಿದಳು. ಹಿಟ್ಟಿನ ಬೆರಳನ್ನು ಚಿತ್ರದ ಮೇಲಿಟ್ಟು, ಒಂದು ಒಣ ಹಳ್ಳದ ಗುಂಟ ಮೆಲ್ಲಗೆ ಎಳೆದಳು. ಬೆರಳು ಬಲಕ್ಕೆ ಹೊರಳಿತು, ಎಡಕ್ಕೆ ಹೊರಳಿತು, ಒಂದು ಕುಳಿಯನ್ನು ಬಳಸಿತು.

"ಡೊಂಕ ಐತಿ ನೋಡ್ರಿ" ಎಂದಳು. "ಇದು ನೀರಿನ ದಾರಿ."

ಆ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ಕಪ್ಪು ಚಿತ್ರದ ಮೇಲೆ ಜೋಳದ ಹಿಟ್ಟಿನ ಒಂದು ಡೊಂಕು ಗೆರೆ ಇನ್ನೂ ಉಳಿದಿದೆ. ಅವಳು ಬರೆದದ್ದು ಎಂದು ನನ್ನ ಹತ್ತಿರ ಇರುವುದು ಅದೊಂದೇ.

ಇದನ್ನು ಓದುವವರು ಶಾಲೆಯ ಜನ. ಎಲ್ಲರ ಮುಂದೆ ಹೇಳಬೇಕಾದದ್ದನ್ನು ಈಗ ಹೇಳುತ್ತೇನೆ. ಮಂಗಳ ಬಹಳ ಚಳಿಯ, ಕಲ್ಲಿನ ಗ್ರಹ. ಗಾಳಿ ತೆಳು, ಧೂಳು ಹೆಚ್ಚು. ತುದಿಗಳ ಬಿಳುಪು ಸುಗ್ಗಿಯ ಹತ್ತಿ ಹೊಲದಂತೆ ಬೆಳೆದು ಬರಿದಾಗುತ್ತದೆ. ಹಾಗೆ ಕಲಿಸಬೇಕೆಂದು ನನಗೆ ಹೇಳಿಕೊಟ್ಟವಳು ನನ್ನ ಹೆಂಡತಿ ನೀಲವ್ವ. ಅಲ್ಲಿ ನೆಟ್ಟಗಿನ ಕಾಲುವೆಗಳಿಲ್ಲ. ಇವೆ ಎಂದು ಮರಳಿ ಶಾಲೆಯಲ್ಲಿ ಸಾಹೇಬರ ಮುಂದೆ, ಹಿರಿಯರ ಮುಂದೆ, ಮಕ್ಕಳ ಮುಂದೆ ನಾನು ಹೇಳಿದ್ದು ನೌಕರಿಯ ಭಯದಿಂದ. ಅಂದು ನಾನು ಹುಚ್ಚು ಮಾತು ಎಂದದ್ದು ಹುಚ್ಚು ಮಾತಾಗಿರಲಿಲ್ಲ.

ನೀವು ಈ ಪಾಠ ಮಾಡುವಾಗ, ಕಾಲುವೆ ಇಲ್ಲ ಅಂತ ಯಾರು ಹೇಳಿದ್ರು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ಹೆಸರು ಹೇಳಿರಿ. ನೀರಗಂಟಿ ದುರಗಪ್ಪ, ಮರಳಿ.